ಬಿಚ್ಚಿದ ಕೌದಿ

ಮಸ್ಕಿ
17 ನವೆಂಬರ್ 2024

ಮಗಳು ಜಯಶ್ರೀಗೆ ನಿನ್ನವ್ವನ ಹೊಟ್ಟೆತುಂಬ ಆಶೀರ್ವಾದ.

ಫೋನು ಇರುವಾಗ ಪತ್ರವೇಕೆ ಎಂದು ನಗಬೇಡ. ಫೋನಿನಲ್ಲಿ ನೀನು ಎರಡು ಮಾತಿಗೇ ಅಳುತ್ತೀ, ಪಕ್ಕದಲ್ಲಿ ನಿಮ್ಮಪ್ಪ ಕಿವಿಗೊಟ್ಟು ನಿಂತಿರುತ್ತಾರೆ. ಏಳನೇ ಕ್ಲಾಸು ಓದಿದ್ದು ಇವತ್ತು ಉಪಯೋಗಕ್ಕೆ ಬಂತು. ದಢೇಸುಗೂರಿನಲ್ಲಿ ಭತ್ತದ ಕೊಯ್ಲು ನಡೆದಿರಬೇಕು. ಏಳು ತಿಂಗಳ ಬಸುರಿ ನೀನು, ಗದ್ದೆಯ ಕಡೆ ಹೋಗಬೇಡ.

ಮೊದಲು ನಿನ್ನ ಮೇಲಿನ ಸಿಟ್ಟು. ಗಣಪತಿ ಹಬ್ಬದ ಹೊತ್ತಿಗೆ ಆಪರೇಷನ್ನಿಗೆಂದು ರಾಯಚೂರಿಗೆ ಹೊರಟಾಗ, ನಿನ್ನ ಕೂಸಿಗೆ ಹೊಲಿಯುತ್ತಿದ್ದ ತೊಟ್ಟಿಲ ಕೌದಿಯನ್ನು ಅರ್ಧಕ್ಕೇ ಸುತ್ತಿ ಟ್ರಂಕಿನಲ್ಲಿಟ್ಟಿದ್ದೆ. ಸಣ್ಣ ಕರುಳಿನಲ್ಲಿ ಗಂಟಾಗಿದೆ, ತೆಗೆದರೆ ಮುಗಿಯಿತು ಎಂದಿದ್ದರು ನಿಮ್ಮಪ್ಪ. ನಾನೂ ನಂಬಿದ್ದೆ. ಆಗ ಹದಿನೈದು ದಿನ ನೀನು ಬಂದು ಮನೆ ನೋಡಿಕೊಂಡೆ. ನಾನು ತಿರುಗಿ ಬಂದು ಟ್ರಂಕು ತೆರೆದರೆ ಕೌದಿ ಪೂರ್ತಿಯಾಗಿತ್ತು. ನಿನ್ನ ಉದ್ದುದ್ದ ಹೊಲಿಗೆ ನನಗೆ ಗೊತ್ತಾಗುವುದಿಲ್ಲವೇ? ನಡುವೆ ಮುಟ್ಟಿ ನೋಡಿದೆ, ರೊಟ್ಟಿಯ ಚೂರೂ ಇತ್ತು. ಕೌದಿಯ ಹೊಟ್ಟೆ ಹಸಿದಿರಬಾರದೆಂದು ಒಂದು ಚೂರು ರೊಟ್ಟಿ ಇಟ್ಟು ಬಾಯಿ ಮುಚ್ಚುವುದು ಹೊಲಿಗೆ ಶುರು ಮಾಡಿದವಳದೇ ಕೆಲಸ. ನಮ್ಮ ಮನೆಯಲ್ಲಿ ಇನ್ನೊಬ್ಬರು ಬಾಯಿ ಮುಚ್ಚಿದ್ದು ಒಂದೇ ಕೌದಿಗೆ. ಅದು ನಿನ್ನಜ್ಜಿಯದು, ಆಕೆ ತೀರಿಕೊಂಡ ಮೇಲೆ ನಾನೇ ಮುಚ್ಚಿದ್ದು. ಹಾಗಾಗಿ ನನಗೆ ಬಂದದ್ದು ಏನೆಂದು ಯಾರೂ ಹೇಳಬೇಕಾಗಲಿಲ್ಲ.

ಮೂರು ದಿನ ಊಟ ಸೇರಲಿಲ್ಲ. ಕೊನೆಗೆ ನಿಮ್ಮಪ್ಪನನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ. "ಕ್ಯಾನ್ಸರ್ ಐತಿ ಅಂದಿದ್ರ ನೀ ಅಲ್ಲೇ ಕುಸೀತಿದ್ದಿ, ಅದಕ್ಕ ಹೇಳಲಿಲ್ಲ" ಎಂದರು. ಹೇಳಿ ಅವರೇ ಕುಸಿದರು, ನಾನೇ ನೀರು ಕೊಟ್ಟೆ.

ಹೋದ ವಾರ ತಪಾಸಣೆಗೆ ಹೋದಾಗ ಅವರನ್ನು ಹೊರಗೆ ಕೂರಿಸಿ ಡಾಕ್ಟರಮ್ಮನನ್ನು ನೇರವಾಗಿ ಕೇಳಿದೆ: "ನಾ ಎಷ್ಟು ದಿನ ಇರ್ತೀನ್ರೀ?" ಆಕೆ ಮರೆಮಾಚಲಿಲ್ಲ. ಗಡ್ಡೆಯನ್ನು ಪೂರ್ತಿ ತೆಗೆದಾಗಿದೆ, ಸುತ್ತಲಿನ ಗ್ರಂಥಿಗಳಿಗೆ ಹರಡಿಲ್ಲ, ಅದೇ ದೊಡ್ಡ ಸಮಾಧಾನ ಎಂದರು. ನನ್ನಂಥವರು ಮೂವರಿದ್ದರೆ ಹೆಚ್ಚುಕಡಿಮೆ ಇಬ್ಬರು ಐದು ವರ್ಷ ದಾಟುತ್ತಾರಂತೆ. ಐದು ದಾಟಿದರೆ ಅದು ಮರಳಿ ಬರುವ ಭಯ ಬಹಳ ಕಡಿಮೆಯಂತೆ. ನಾನು ಆ ಇಬ್ಬರಲ್ಲಿ ಒಬ್ಬಳೆಂದು ಬರೆದುಕೊಡಲು ಆಕೆಗೂ ಆಗದು. ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕೆಂದರು.

ಹೆದರಿಕೆ ಇದೆ, ಜಯಶ್ರೀ. ಸಿಂಧನೂರಿನಲ್ಲಿ ಬಸ್ಸು ಬದಲಿಸುವವರೆಗೂ ಆ ಮೂರನೆಯವಳೇ ತಲೆಯಲ್ಲಿ ಕೂತಿದ್ದಳು. ಆಮೇಲೆ ಹಸಿವಾಯಿತು. ಬಸ್ ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ತಿಂದೆ. ನಿಮ್ಮಪ್ಪ ತಮ್ಮ ತಟ್ಟೆ ಮುಟ್ಟದೆ ನಾನು ತಿನ್ನುವುದನ್ನೇ ನೋಡುತ್ತ ಕುಳಿತರು.

ಈಗ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಉಣ್ಣುತ್ತೇನೆ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ದಕ್ಕುತ್ತಿದೆ. ಆದ್ದರಿಂದ, ಬಾಣಂತನ ನಿನ್ನ ಅತ್ತೆಯ ಮನೆಯಲ್ಲೇ ಎಂದು ನನ್ನನ್ನು ಕೇಳದೆ ನೀವೆಲ್ಲ ಮಾಡಿದ ತೀರ್ಮಾನ ರದ್ದು. ನಾನು ಭಾರ ಎತ್ತುವ ಹಾಗಿಲ್ಲ, ನೀರು ತುಂಬಿಕೊಡಲು ಪಕ್ಕದ ಮನೆಯ ಇಮಾಮ್‌ಬೀ ಒಪ್ಪಿದ್ದಾಳೆ. ಕೂಸಿಗೆ ನೀರು ಎರೆಯುವುದು ಮಾತ್ರ ನಾನೇ.

ನಿನ್ನ ಹೊಲಿಗೆಯನ್ನೆಲ್ಲ ಬಿಚ್ಚಿದ್ದೇನೆ, ಬೇಜಾರಾಗಬೇಡ. ನೀನು ಅಳುತ್ತಲೇ ಹೊಲಿದಿರುತ್ತೀ, ನನಗೆ ಗೊತ್ತು. ರೊಟ್ಟಿಯ ಚೂರನ್ನು ಗುಬ್ಬಿಗಳಿಗೆ ಹಾಕಿದೆ. ನನ್ನ ಹಳೆಯ ಇಳಕಲ್ ಸೀರೆ, ನಿನ್ನ ಹಸಿರು ಲಂಗ ಕತ್ತರಿಸಿ ಸೇರಿಸಿ ಮತ್ತೆ ಹೊಲಿಯುತ್ತಿದ್ದೇನೆ. ಬೇಗ ಬಾ.

ದಾರಿ ನೋಡುವ
ನಿನ್ನವ್ವ
ಶೇಖಮ್ಮ

ತಾ.ಕ.: ತೊಟ್ಟಿಲಿಗೆ ಇಷ್ಟು ದೊಡ್ಡ ಕೌದಿಯೇ ಎಂದು ಬಂದವಳೇ ಕೇಳಬೇಡ. ಸದ್ಯ ಮಡಚಿ ಹಾಸೋಣ. ಅಳತೆಗೆಂದು ಇಮಾಮ್‌ಬೀಯ ಮೊಮ್ಮಗಳನ್ನು ಅದರ ಮೇಲೆ ಮಲಗಿಸಿದ್ದೆ. ಆ ಹುಡುಗಿಗೆ ಮೊನ್ನೆಯಷ್ಟೇ ಐದು ತುಂಬಿತು.