ಆಲ್ಡರ್‌ಬೆಕ್ ಗಿರಣಿ ಮುಚ್ಚಿದ್ದು

ಈಸ್ಟ್ ಬ್ರನ್ಸ್‌ವಿಕ್, ನ್ಯೂಜೆರ್ಸಿ
12 ಅಕ್ಟೋಬರ್ 1975

ಪ್ರಿಯ ಪ್ರಭಾಕರ,

ದಾವಣಗೆರೆಯಲ್ಲಿ ನೀವೆಲ್ಲ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಯುಗಾದಿಗೆ ನೀನು ಬರೆದ ಕಾಗದಕ್ಕೆ ದೀಪಾವಳಿ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈದುಬಿಡು. ಪುರುಸೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತೆ. ನಿನಗೆ ಬರೆಯೋಕೆ ಮುಖ ಇರಲಿಲ್ಲ.

ಇಲ್ಲಿ ಎಲ್ಲ ಕ್ಷೇಮ. ನೀತಾ ಡ್ರೈವಿಂಗ್ ಟೆಸ್ಟ್ ಪಾಸಾಗಿ ಅಂಗಡಿಗೆಲ್ಲ ತಾನೇ ಹೋಗಿಬರ್ತಾಳೆ. ಮಗಳು ಮಾಲಾ ಮಾತ್ರ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡ್ತಾಳೆ.

ಇಂಗ್ಲೆಂಡಿನಲ್ಲಿ ಓದುವಾಗ ನಾವಿಬ್ಬರೂ ಬಾಡಿಗೆಗಿದ್ದ ಆಲ್ಡರ್‌ಬೆಕ್‌ಗೆ ಮೇ ತಿಂಗಳಲ್ಲಿ ಹೋಗಿದ್ದೆ ಕಣೋ. ಅಲ್ಲಿಯ ಬಟ್ಟೆ ಗಿರಣಿಯನ್ನೂ ಹಳ್ಳದಾಚೆಯ ಸ್ಟೋನ್‌ಗಿಲ್ ಗಿರಣಿಯನ್ನೂ ನಮ್ಮ ಕಂಪನಿ ಕೊಂಡುಕೊಂಡಿದೆ. ಹಿಂದೆ ಅವುಗಳ ಮಾಲೀಕರು ಅಣ್ಣ ತಮ್ಮಂದಿರು, ಈಚೆಯದು ಅಣ್ಣ ಕಟ್ಟಿಸಿದ್ದು. ಆಚೆ ದಡ ಬೇರೆ ಕೌಂಟಿಯ ಆಡಳಿತಕ್ಕೆ ಸೇರಿದ್ದು, ತೆರಿಗೆ ಕಡಿಮೆ ಅಂತ ತಮ್ಮ ಹೋಗಿ ಇನ್ನೊಂದು ಕಟ್ಟಿಸಿದ. ಅವತ್ತಿನಿಂದ ಎರಡೂ ಊರಿಗೆ ಜಿದ್ದು, ಕ್ರಿಕೆಟ್ಟಿನಲ್ಲೂ, ಹೆಣ್ಣು ಕೊಡೋದರಲ್ಲೂ. ನಿನಗೆ ನೆನಪಿರಬೇಕು. ಹೋದ ವರ್ಷ ಸರ್ಕಾರ ಎರಡೂ ಊರಿನ ಕೌನ್ಸಿಲ್ ತೆಗೆದು ಒಂದೇ ಹೊಸ ಜಿಲ್ಲೆಗೆ ಸೇರಿಸಿಬಿಟ್ಟಿತು. ನಮ್ಮ ಕಂಪನಿಯವರೂ ಎರಡೂ ಊರಿಗೆ ಸೇರಿ ಒಂದೇ ಗಿರಣಿ ಸಾಕು ಅಂದರು. ಯಾವುದನ್ನು ಉಳಿಸಬೇಕು ಅಂತ ನೋಡಿ ಹೇಳೋಕೆ ನನ್ನನ್ನು ಕಳಿಸಿದರು.

ನಮ್ಮ ಮನೆಯೊಡತಿ ಮಿಸೆಸ್ ಹಾರ್ಗ್ರೀವ್ಸ್ ಮನೆಗೆ ಹೋದೆ. ನಾವು ಮಾಡಿದ ಸಾರಿನ ಘಾಟಿಗೆ ಕೆಮ್ಮುತ್ತಲೇ ಎರಡನೇ ಸಲ ಬಡಿಸಿಕೊಳ್ತಿದ್ದರಲ್ಲ, ಅವರಿಗೀಗ ಮೊಣಕಾಲು ನೋವು. ಮಗಳು ಡೊರೀನ್, ಅಳಿಯ, ಇಬ್ಬರಿಗೂ ಆಲ್ಡರ್‌ಬೆಕ್ ಗಿರಣಿಯಲ್ಲೇ ಕೆಲಸ.

"ಯಾರೋ ಅಮೆರಿಕದವನು ಬಂದು ನಮ್ಮನ್ನು ಮುಳುಗಿಸ್ತಾನೆ ಅಂತ ನಿದ್ದೆಯಿರಲಿಲ್ಲ. ನೀನು ಬಂದೆಯಲ್ಲ ಗುರು, ಸಾಕು," ಅಂದರು.

ನಾನು ಟೀ ಕುಡಿದೆ, ಅಷ್ಟೇ.

ಮಾರನೇ ದಿನ ಸ್ಕೂಲಿನ ಹಾಲಿನಲ್ಲಿ ಸಭೆ. ಹಿಂದಿನಿಂದ ಒಬ್ಬ, "ನಮ್ಮೂರು ಹಾಳಾದರೆ ಆ ಇಂಡಿಯನ್‌ಗೇನು?" ಅಂತ ಕೂಗಿದ. ಮಿಸೆಸ್ ಹಾರ್ಗ್ರೀವ್ಸ್ ಕೋಲೂರಿಕೊಂಡು ಎದ್ದರು. "ಅವನು ನನ್ನ ಮನೆಯ ಹುಡುಗ. ಬಾಯಿ ಮುಚ್ಚಿಕೊಂಡು ಕೂತ್ಕೋ!" ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ಎತ್ತಲಿಲ್ಲ.

ಆಗಸ್ಟಿನಲ್ಲಿ ಆಲ್ಡರ್‌ಬೆಕ್ ಗಿರಣಿ ಮುಚ್ಚಿತು. ಸ್ಟೋನ್‌ಗಿಲ್‌ನವರು ಈಚೆಯವರನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಡೊರೀನ್ ಗಂಡ ಕೆಲಸ ಹುಡುಕಿಕೊಂಡು ಲಂಡನ್ ಕಡೆ ಹೋದನಂತೆ. ಅವಳೂ ಮಕ್ಕಳೂ ತಾಯಿ ಮನೆ ಸೇರಿದ್ದಾರೆ. ನನಗೆ ಪ್ರಮೋಷನ್ ಆಯ್ತು. ನೀತಾ ಸತ್ಯನಾರಾಯಣ ಪೂಜೆ ಇಟ್ಟುಕೊಂಡು, ಇಲ್ಲಿಯ ಕನ್ನಡದವರನ್ನೆಲ್ಲ ಊಟಕ್ಕೆ ಕರೆದಳು. "ಇವರು ಯಾರ ಮುಲಾಜಿಗೂ ಬೀಳೋರಲ್ಲ," ಅಂತ ಬಡಿಸ್ತಾ ಬಡಿಸ್ತಾ ಹೇಳಿಕೊಂಡಳು. ನಾನು ಕೈ ತೊಳೆಯೋ ನೆಪದಲ್ಲಿ ಎದ್ದುಹೋದೆ.

ಲೆಕ್ಕ ಏನು ಹೇಳಿತೋ ಅದನ್ನು ವರದಿಯಲ್ಲಿ ಬರೆದೆ, ನಿನ್ನದೇನು ತಪ್ಪು ಅಂತ ನೀನು ಸಮಾಧಾನ ಹೇಳ್ತೀಯ. ಗೊತ್ತು.

ಪದ್ಮಜಾ ಅವರಿಗೆ ನಮಸ್ಕಾರ. ಮಕ್ಕಳು ನಗುನಗುತ್ತಾ ಬೆಳೆಯಲಿ, ಚೆನ್ನಾಗಿ ಓದಲಿ.

ನಿನ್ನ,
ಗುರುರಾಜ

ತಾ.ಕ.: ಸಮಾಧಾನ ಹೇಳಬೇಡ. ಆಲ್ಡರ್‌ಬೆಕ್ ಗಿರಣಿಯೇ ಮೇಲಾಗಿತ್ತು ಪ್ರಭಾಕರ. ಮಗ್ಗ ಹೊಸವು, ಬಟ್ಟೆಯೂ ಒಳ್ಳೆಯದು. ಹಾಗಂತ ಬರೆದರೆ, ತಾನಿದ್ದ ಊರಿನ ಪರ ವಹಿಸಿದ ಅಂತ ಇಲ್ಲಿಯ ದೊಡ್ಡವರು ಅಂದಾರು ಅಂತ ಹೆದರಿ, ಸ್ಟೋನ್‌ಗಿಲ್ ಉಳಿಸಿ ಅಂತ ಬರೆದುಬಿಟ್ಟೆ. ಮಿಸೆಸ್ ಹಾರ್ಗ್ರೀವ್ಸ್ ಕಾಗದ ಹಾಕಿದ್ದಾರೆ: "ನಮಗೋಸ್ಕರ ನೀನು ಎಷ್ಟು ಹೋರಾಡಿದ್ದೀಯೋ ಏನೋ. ಮನಸ್ಸಿಗೆ ಹಚ್ಚಿಕೋಬೇಡ ಮಗು."