ಹನ್ನೊಂದನೆಯ ಹಾಡು

ಮುಂಡಗೋಡ, ಬುಧವಾರ

ಬಸಲಿಂಗಯ್ಯ ಸರ್ ಅವರಿಗೆ ಶೈಲಾಳ ಶರಣು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀವು ಚಿಗಳ್ಳಿಯ ಶಂಕ್ರೆವ್ವನಿಂದ ಹಾಡಿಸಿಕೊಂಡ ಬೀಸುವ ಹಾಡುಗಳನ್ನು ಹೊಸ ಡಿಸ್ಕಿಗೆ ನಕಲು ಮಾಡುತ್ತಿದ್ದೆ. ನಮ್ಮ ಹಳೆಯ ಯುನಿಕ್ಸ್ ಕಂಪ್ಯೂಟರಿನಲ್ಲಿ ಅದು ಆರು ತಾಸಿನ ಕೆಲಸ. ನಾನು ಕೂತಲ್ಲಿ ಕೂರುವವಳಲ್ಲ, ನಿಮಗೆ ಗೊತ್ತು. ಡಿಸ್ಕನ್ನು ಓಡಿಸುವ ಕಂಟ್ರೋಲರಿನ ಸೆಟ್ಟಿಂಗ್ ಬದಲಿಸಿ ವೇಗ ಹೆಚ್ಚಿಸಿದೆ. ಅರ್ಧ ತಾಸಿನಲ್ಲಿ ಮುಗಿಯಿತು. ಆ ಖುಷಿಯಲ್ಲಿ, ನಕಲನ್ನು ಕೇಳಿ ನೋಡದೆ ಹಳೆಯ ಡಿಸ್ಕನ್ನು ಅಳಿಸಿಬಿಟ್ಟೆ.

ಹನ್ನೊಂದನೆಯ ಹಾಡಿನಲ್ಲಿ ಈಗ ಬರೀ ಗರಗರ ಸದ್ದು. ಸೆಟ್ಟಿಂಗನ್ನು ಮತ್ತೆ ಮೊದಲಿನ ನಿಧಾನ ವೇಗಕ್ಕೇ ಇಳಿಸಿದ್ದೇನೆ. ಈಗ ಒಂದೂ ತಪ್ಪಿಲ್ಲದೆ ನಡೆಯುತ್ತಿದೆ, ಸುಡುಗಾಡು ಯಂತ್ರ.

ನಿನ್ನೆ ಚಿಗಳ್ಳಿಗೆ ಹೋಗಿ, ಆ ಹಾಡು ಇನ್ನೊಮ್ಮೆ ಹಾಡಬೇಕೆಂದು ಶಂಕ್ರೆವ್ವನನ್ನು ಕೇಳಿದೆ. ಯಾಕೆಂದು ಹೇಳಲಿಲ್ಲ.

“ಶುರು ಹೆಂಗಿತ್ತೋ ಏನೋ, ನೆನಪ ಆಗವಲ್ದು. ನಿನ್ನ ಮಷೀನದಾಗ ಐತೆಲ್ಲಾ, ಒಮ್ಮೆ ಹಚ್ಚವಾ. ಕೇಳಿದ್ರ ಹಾಡ್ತೇನಿ,” ಅಂದಳು.

ಚಹಾ ಕುಡಿದು ಎದ್ದು ಬಂದೆ.

ನೀವು ಮೊದಲು ಧ್ವನಿ ಹಿಡಿದ ಕ್ಯಾಸೆಟ್ ಮನೆಯಲ್ಲಿ ಉಳಿದಿದ್ದರೆ, ನಿಮ್ಮ ಹಳಿಯಾಳದಿಂದ ಇಲ್ಲಿಗೆ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿ. ಯಾವ ಬಸ್ಸೆಂದು ತಿಳಿಸಬೇಕಿಲ್ಲ. ಎಲ್ಲ ಬಸ್ಸಿಗೂ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.

ನಿಮ್ಮ ಅವಸರದ ವಿದ್ಯಾರ್ಥಿನಿ,
ಶೈಲಾ