ಆರನೆಯ ಚೀಟಿ

ವಿಜಯನಗರ
೧೧ ಜನವರಿ ೨೦೨೬, ಭಾನುವಾರ

ಪ್ರೀತಿಯ ಸುಘೋಷ್,

ಹೇಗಿದ್ದೀಯ? ಬಟ್ಟೆ ಕಳಿಸು ಎಂದು ನಿನ್ನ ಅಕ್ಕ ರಾಗಿಣಿಯ ಹತ್ತಿರ ಹೇಳಿ ಕಳಿಸಿ ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮಿಸು. ಬೇಕೆಂದೇ ತಡ ಮಾಡಿದೆ. ಬಟ್ಟೆ ಇಲ್ಲಿದ್ದರೆ ನೀನೂ ಅರ್ಧ ಇಲ್ಲೇ ಇದ್ದ ಹಾಗೆ ಅಂದುಕೊಂಡಿದ್ದೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಮದುವೆಯಾದ ಎಂಟು ವರ್ಷಕ್ಕೆ ಗಂಡನಿಗೆ ಬರೆಯುತ್ತಿರುವ ಮೊದಲ ಪತ್ರ, ಅದೂ ಮೆಟ್ರೋದಲ್ಲಿ ಅರ್ಧ ಗಂಟೆ ದೂರದ ಕೆಂಗೇರಿ ಉಪನಗರಕ್ಕೆ. ನಗಬೇಡ.

ನೀನು ಊರಿಗೆ ಹೋಗಿದ್ದೀಯ ಎಂದು ಇಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ. ಕೆಳಗಿನ ಮನೆಯ ಇಂದ್ರಮ್ಮ ಇವತ್ತು ಎಳ್ಳು ಹುರಿಯುತ್ತಾ ಕೇಳಿದರು, "ಏನಮ್ಮಾ, ನಿಮ್ಮನೆಯೋರು ಇನ್ನೂ ಬಂದಿಲ್ವಾ? ಅವರ ದೀಪಾಂಜಲಿ ಹಾಡು ಮೊಮ್ಮಗಳ ಬರ್ತ್‌ಡೇಗೆ ಹಾಕಿದ್ವು. ಎಲ್ಲಾ ಕುಣಿದಿದ್ದೇ ಕುಣಿದಿದ್ದು!" ನಿನ್ನ ಮೊದಲ ಆಲ್ಬಮ್ಮಿನ ಹಾಡು. ದೀಪಾಂಜಲಿ ನಗರದ ಮೆಟ್ರೋ ಮೆಟ್ಟಿಲ ಮೇಲೆ ಕೂತು, ಯಾವಾಗಲೂ ತಡವಾಗಿ ಓಡಿ ಬರುವ ಹುಡುಗನನ್ನು, ಅಂದರೆ ನಿನ್ನನ್ನು, ಬೈದುಕೊಳ್ಳುತ್ತಿದ್ದ ನನ್ನ ಮೇಲೆ ನೀನು ಕಟ್ಟಿದ್ದು.

ಎರಡನೆಯ ಆಲ್ಬಮ್ ಇಂದ್ರಮ್ಮ ಕೇಳಿಲ್ಲ. ಯಾರು ತಾನೇ ಕೇಳಿದ್ದಾರೆ? ಮಾವನವರು ನಮ್ಮೆಲ್ಲರ ಗುರುತು ಮರೆತು ಮಲಗಿದ್ದ ಆ ಕೊನೆಯ ವರ್ಷ, ಅವರ ಮಂಚದ ಪಕ್ಕ ಕೂತು ಗುನುಗುತ್ತಿದ್ದದ್ದನ್ನೇ ನೀನು ಬರೀ ತಂಬೂರಿ ಇಟ್ಟುಕೊಂಡು ಹಾಡಿದೆ. ನಿನ್ನ ಅಭಿಮಾನಿಗಳು ಬರೆದದ್ದು ನನಗೆ ಬಾಯಿಪಾಠ. "ಗುರು, ಸತ್ತೋರ ಮನೇಲಿ ಕೂತಂಗಿದೆ." "ನಮ್ ಹಳೇ ಸುಘೋಷ್‌ನ ವಾಪಸ್ ಕೊಡಿ." ಸತ್ತವರ ಮನೆಯಲ್ಲೇ ಹುಟ್ಟಿದ ಹಾಡು ಎಂದು ಅವರಿಗೆ ಹೇಳುವವರು ಯಾರು? ಮೆಚ್ಚಿ ಬರೆದವರು ನಾಲ್ಕೇ ಜನ, ಅವರಲ್ಲಿ ಒಬ್ಬಳು ನಿನ್ನ ಅಕ್ಕ.

ನಮ್ಮ ರಸ್ತೆಯ ರಾಜ್ಯೋತ್ಸವದ ಸಂಜೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀನು ಹೊಸ ಹಾಡು ಎತ್ತಿದ್ದೇ ತಡ, ಮುಂದಿನ ಸಾಲಿನವರು ಬೋಂಡಾ ಗಾಡಿಯ ಕಡೆ ಎದ್ದರು. ಬೇಕಾದ ಹಾಡಿಗೆ ಜನ ಚೀಟಿ ಕಳಿಸುವುದು ಇದ್ದದ್ದೇ. ಆದರೆ ಅವತ್ತು ಹಾಡು ಮುಗಿಯುವ ಮೊದಲೇ ಒಂದರ ಹಿಂದೊಂದು ಬಂದವು, ಎಲ್ಲದರಲ್ಲೂ ಅದೇ ದೀಪಾಂಜಲಿ. ನೀನು ಐದು ಚೀಟಿ ಓದಿ, ಕುರ್ಚಿಯ ಮೇಲಿಟ್ಟು, "ಇದೊಂದ್ ಕೇಳಿ, ಆಮೇಲೆ ಅದನ್ನೂ ಹಾಡ್ತೀನಿ" ಅಂದೆ, ನಗುತ್ತಲೇ. ಆರನೆಯದನ್ನು ಓದಿದೆ, ತಿರುಗಿಸಿ ನೋಡಿದೆ, ಜೇಬಿಗಿಟ್ಟುಕೊಂಡೆ. ಹೊಸ ಹಾಡನ್ನು ಅಷ್ಟಕ್ಕೇ ಬಿಟ್ಟು ಹಳೆಯದನ್ನು ಪೂರ್ತಿ ಹಾಡಿದೆ. ಜನ ಕುರ್ಚಿ ಹತ್ತಿ ಕುಣಿದರು. ಕೊನೆಯ ಸಾಲಿನಲ್ಲಿದ್ದ ನನ್ನ ಕಡೆ ನೀನು ಒಂದು ಸಲವೂ ನೋಡಲಿಲ್ಲ.

ಮರುದಿನ ಗಿಟಾರ್ ಅಟ್ಟ ಸೇರಿತು. ಅದೇ ವಾರ ನೀನು ಅಕ್ಕನ ಮನೆ ಸೇರಿದೆ. "ಸ್ನಾನ ಮಾಡುವಾಗ್ಲೂ ಗುನುಗಲ್ಲ ಕಣೇ ಅವ್ನು. ನಂಗೆ ಭಯ ಆಗತ್ತೆ" ಅಂದಳು ರಾಗಿಣಿ. ನನಗೂ ಭಯ. ಆದರೆ ಸಿಟ್ಟೂ ಇದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅಭಿಮಾನಿಗಳ ಮೇಲೆ ಕೋಪವಿದ್ದರೆ ಈ ಕೊತ್ತಿ ಏನು ಮಾಡಿತ್ತು?

ಬಟ್ಟೆಯ ಜೊತೆ ಎಳ್ಳುಬೆಲ್ಲ ಕಳಿಸುತ್ತಿದ್ದೇನೆ. ತಿಂದು ಒಂದು ಒಳ್ಳೆಯ ಮಾತಾಡು, ನನ್ನ ಹತ್ತಿರ ಅಲ್ಲದಿದ್ದರೆ ಅಕ್ಕನ ಹತ್ತಿರವಾದರೂ. ದೇವರು ನಿನ್ನನ್ನೂ ನಿನ್ನ ಗಂಟಲನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಮಾಲವಿಕಾ

ಮತ್ತೆ: ಇಷ್ಟು ಬರೆದು ಮುಗಿಸಿ ನಿನ್ನ ಬಟ್ಟೆ ಮಡಿಸುತ್ತಿದ್ದೆ. ಆ ಸಂಜೆಯ ಜುಬ್ಬಾದ ಜೇಬಿನಲ್ಲಿ ಆರನೆಯ ಚೀಟಿ ಸಿಕ್ಕಿತು. ಅದು ನಾನು ಬರೆದದ್ದು, ಸುಘೋಷ್. ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದು, ಪಕ್ಕದವರ ಕೈಯಲ್ಲಿ ಕಳಿಸಿದ್ದೆ. ತಡವಾಗಿ ಓಡಿ ಬರುತ್ತಿದ್ದ ಆ ಹುಡುಗ ನನಗೂ ವಾಪಸ್ ಬೇಕಾಗಿದ್ದ. ನಿನ್ನ ಹೊಸ ಹಾಡುಗಳನ್ನು ನಾನೂ ಒಂದು ದಿನವೂ ಪೂರ್ತಿ ಕೇಳಲಿಲ್ಲ. ಅವುಗಳಲ್ಲಿ ನಾನೆಲ್ಲೂ ಇರಲಿಲ್ಲ. ನಿನಗೆ ಗೊತ್ತಾಗಿಲ್ಲ ಎಂಬ ಧೈರ್ಯದಲ್ಲೇ ಮೇಲಿನದನ್ನೆಲ್ಲ ಬರೆದೆ. ಈಗ ಚೀಟಿಯನ್ನು ತಿರುಗಿಸಿ ನೋಡಿದೆ. ಪರ್ಸಿನಲ್ಲಿ ಕೈಗೆ ಸಿಕ್ಕ ಯಾವುದೋ ಕಾಗದದ ಹಿಂದೆ ಬರೆದೆ ಅಂದುಕೊಂಡಿದ್ದೆ. ಅದು ಮಾವನವರಿಗೆ ಡಾಕ್ಟರು ಕೊನೆಯ ಸಲ ಔಷಧಿ ಬರೆದುಕೊಟ್ಟದ್ದು. ಮೇಲೆ ಅವರ ಹೆಸರಿದೆ: ವೆಂಕಟರಮಣಪ್ಪ, ಎಪ್ಪತ್ತೆಂಟು ವರ್ಷ.